ಚಾಳೀಸು ಬಂದಿದೆ, ನೀರಿನಡಿ ಗೇಜ್ ಓದೋದು ಹೇಗೆ?

ನಾಲೆ ದಂಡೆ, ಮಂಡ್ಯ

ಬಲ್ಲವರು ದಯವಿಟ್ಟು ತಿಳಿಸಿ. ವಯಸ್ಸು 47. ದೂರಕ್ಕೆ ಕನ್ನಡಕ ಬೇಡ, ಬಸ್ಸಿನ ಬೋರ್ಡು ಚೆನ್ನಾಗೇ ಕಾಣುತ್ತೆ. ಹತ್ತಿರಕ್ಕೆ ಮಾತ್ರ ಎರಡೂ ಕಣ್ಣಿಗೆ +1.75. ಸಿಲಿಂಡ್ರಿಕಲ್ ಪವರ್ (ಅಸ್ಟಿಗ್ಮ್ಯಾಟಿಸಂಗೆ ಕೊಡೋದು) ಇಲ್ಲ. ಮಳೆಗಾಲ ಕಳೆದ ಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡಬೇಕು ಅಂತಿದ್ದೀನಿ. ಈಜು ಬರುತ್ತೆ. ತೊಡಕಿರೋದು ಕಣ್ಣಿಂದೇ.

ಮಾಸ್ಕ್ ಒಳಗೆ ಕನ್ನಡಕ ಹಾಕೋಕಾಗಲ್ಲ ಅಂತ ಗೊತ್ತು, ಕಡ್ಡಿ ಹಾದುಹೋದ ಕಡೆ ಸಿಲಿಕೋನ್ ಅಂಚು ಮುಖಕ್ಕೆ ಕೂರಲ್ಲ, ನೀರು ನುಗ್ಗುತ್ತೆ. ಹಾಗಾದ್ರೆ ಉಳಿದ ಗಾಳಿ ತೋರಿಸೋ ಏರ್ ಗೇಜು, ಆಳ, ಸಮಯ ತೋರಿಸೋ ಡೈವ್ ಕಂಪ್ಯೂಟರಿನ ಅಂಕಿ ಓದೋದು ಹೇಗೆ? ನೀರೊಳಗೆ ಎಲ್ಲ ದೊಡ್ಡದಾಗಿ ಕಾಣುತ್ತಂತೆ, ಅಂದ್ರೆ +1.75ಗಿಂತ ಕಮ್ಮಿ ಪವರ್ ಸಾಕಾಗುತ್ತಾ? ಒಂದು ಸಣ್ಣ ಭೂತಗನ್ನಡಿಯನ್ನ ಜಾಕೆಟ್ಟಿಗೆ ಕಟ್ಟಿಕೊಂಡು ಹೋದ್ರೆ ಆಗಲ್ವಾ? ಇಲ್ಲಾ, ಓದೋ ಕನ್ನಡಕದ ಗಾಜನ್ನೇ ಅರ್ಧ ಕೊಯ್ಸಿ ಮಾಸ್ಕ್ ಗಾಜಿನ ಒಳಗೆ ಅರಾಲ್ಡೈಟ್ ಹಾಕಿ ಅಂಟಿಸಿಬಿಡಬಹುದಾ?

ಲೆನ್ಸ್‌ಮೀಟರ್, ಮೈಸೂರು

ಸಾರ್, ಪವರ್ ಪ್ರಶ್ನೆಯಿಂದ ಶುರು ಮಾಡ್ತೀನಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನೀರಿನ ವಕ್ರೀಭವನ ಸೂಚ್ಯಂಕ 1.33. ಮಾಸ್ಕಿನ ಗಾಜು ಚಪ್ಪಟೆ, ಅದರ ಹಿಂದೆ ಗಾಳಿ. ಬೆಳಕು ನೀರಿನಿಂದ ಗಾಳಿಗೆ ದಾಟುವಾಗ ಬಾಗುತ್ತೆ. ಹಾಗಾಗಿ ಗಾಜಿನಿಂದ ಒಂದು ವಸ್ತು ಎಷ್ಟು ದೂರ ಇದೆಯೋ ಅದರ ಮುಕ್ಕಾಲು ದೂರದಲ್ಲೇ ಇದೆ ಅಂತ ಕಣ್ಣು ತಿಳಿಯುತ್ತೆ. ದೊಡ್ಡದಾಗಿ ಕಾಣೋದು ಇದೇ ಕಾರಣಕ್ಕೆ. ಆದರೆ ಚಾಳೀಸು ಬಂದವರಿಗೆ ಹತ್ತಿರ ಬಂದಂತೆ ಕಾಣೋದು ಲಾಭ ಅಲ್ಲ, ಕಷ್ಟ. ಕಣ್ಣಿಂದ 45 ಸೆಂ.ಮೀ. ದೂರದಲ್ಲಿ ಹಿಡಿದ ಗೇಜು ಸುಮಾರು 35 ಸೆಂ.ಮೀ.ನಲ್ಲಿ ಇದ್ದಂತೆ ಲೆಕ್ಕ. 45ಕ್ಕೆ ಫೋಕಸ್ ಮಾಡೋಕೆ 2.2 ಡಯಾಪ್ಟರ್ (ಪವರಿನ ಅಳತೆ) ಬೇಕು, 35ಕ್ಕೆ ಸುಮಾರು 2.9. ಅಂದ್ರೆ ಅದೇ ಕೈ, ಅದೇ ಗೇಜು, ಆದರೂ ನೆಲದ ಮೇಲಿಗಿಂತ ಅರ್ಧದಿಂದ ಮುಕ್ಕಾಲು ಡಯಾಪ್ಟರ್ ಜಾಸ್ತಿ ಬೇಕಾಗುತ್ತೆ. ಅಕ್ಷರ ಶೇ. 30ರಷ್ಟು ದೊಡ್ಡದಾಗೋದರಿಂದ ಸ್ವಲ್ಪ ಮಬ್ಬಾದರೂ ಓದಬಹುದು ಅನ್ನೋದು ಒಂದು ಸಮಾಧಾನ. "ಕಮ್ಮಿ ಪವರ್ ಸಾಕು" ಅನ್ನೋದು ಮಾತ್ರ ತಪ್ಪು.

ಹಾಗಂತ +3 ಹಾಕಿದರೂ ಕೆಡುತ್ತೆ. ಪ್ಲಸ್ ಲೆನ್ಸಿನ ಮೂಲಕ ಒಂದು ದೂರದಿಂದ ಆಚೆಗೆ ಎಲ್ಲ ಮಬ್ಬು. ನೆಲದ ಮೇಲೆ ಆ ದೂರ ಸೆಂ.ಮೀ.ಗಳಲ್ಲಿ 100 ಭಾಗಿಸು ಪವರ್. ನೀರಿನಲ್ಲಿ, ಲೆನ್ಸ್ ಮಾಸ್ಕ್ ಗಾಜಿನ ಒಳಮೈಗೆ ಅಂಟಿದ್ದಾಗ, 133 ಭಾಗಿಸು ಪವರ್, ಅಳತೆ ಗಾಜಿನಿಂದ. +3ಕ್ಕೆ 44 ಸೆಂ.ಮೀ., +2.5ಕ್ಕೆ 53, +2ಕ್ಕೆ 67, +1.75ಕ್ಕೆ 76. ದೂರದ ಪವರ್ ಸೊನ್ನೆ ಇರೋರಿಗೆ ಈ ಲೆಕ್ಕ. +3 ಹಾಕಿ ಕೈ ಚಾಚಿ ಕಂಪ್ಯೂಟರ್ ನೋಡಿದರೆ ಅಂಕಿ ಮಬ್ಬಾಗೋದು ಇದಕ್ಕೇ.

ಇನ್ನು ಹತ್ತಿರದ ಮಿತಿ. ನಿಮ್ಮ +1.75 ಅನ್ನು 40 ಸೆಂ.ಮೀ.ಗೆ ಕೊಟ್ಟಿದ್ದಾರೆ ಅಂತ ಇಟ್ಟುಕೊಂಡರೆ, ನಿಮ್ಮ ಕಣ್ಣು ತನ್ನ ಪಾಲಿಗೆ ಮುಕ್ಕಾಲು ಡಯಾಪ್ಟರ್ ಆಯಾಸವಿಲ್ಲದೆ ಕೊಡ್ತಾ ಇದೆ. ಆ ಲೆಕ್ಕದಲ್ಲಿ ನೀರಿನೊಳಗೆ ಗಾಜಿನಿಂದ ಸ್ಪಷ್ಟ ಕಾಣೋ ಪಟ್ಟಿ ಹೀಗೆ: +1.75 ಹಾಕಿದರೆ ಸುಮಾರು 53ರಿಂದ 76 ಸೆಂ.ಮೀ., +2 ಹಾಕಿದರೆ 48ರಿಂದ 67, +2.5 ಹಾಕಿದರೆ 41ರಿಂದ 53. ಗೇಜು ಎಡಗೈಲಿ ಎತ್ತಿ ಹಿಡಿದರೆ 45–60ರ ನಡುವೆ ಬರುತ್ತೆ. ಮಣಿಕಟ್ಟಿನ ಕಂಪ್ಯೂಟರ್ ಮೊಣಕೈ ಮಡಚಿದರೆ 35–40, ಚಾಚಿದರೆ 55–60. ಆದ್ದರಿಂದ ನಿಮಗೆ +2. ಕ್ಯಾಮೆರಾ ಹಿಡಿದು ಸಣ್ಣ ಜೀವಿಗಳ ಫೋಟೊ ತೆಗೆಯೋ ಆಸೆ ಇದ್ದರೆ ಮಾತ್ರ +2.5 ಯೋಚನೆ ಮಾಡಿ.

ಇದಕ್ಕೆ ಮೊದಲು ಒಂದು ಕೆಲಸ ಆಗಬೇಕು. ಹಳೇ ಚೀಟಿ ನಂಬಬೇಡಿ, 47ರಲ್ಲಿ ವರ್ಷ ಎರಡು ವರ್ಷಕ್ಕೇ ಪವರ್ ಏರುತ್ತೆ. ಹೊಸದಾಗಿ ಪರೀಕ್ಷೆ ಮಾಡಿಸಿ. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಾಗಲಿ, ಮಂಡ್ಯದಲ್ಲೇ ಆಗಲಿ, ದೂರದ ಪವರ್, ಆಡ್ (ಹತ್ತಿರಕ್ಕೆ ಅದರ ಮೇಲೆ ಕೂಡಿಸೋ ಪ್ಲಸ್), ಎರಡೂ ಕಣ್ಣಿನ ಪಾಪೆಗಳ ನಡುವಿನ ಅಂತರ, ಯಾವ ಕಣ್ಣು ಪ್ರಬಲ ಅನ್ನೋದನ್ನೆಲ್ಲ ಬರೆಸಿಕೊಳ್ಳಿ. ಆಡ್ ಎಷ್ಟು ದೂರಕ್ಕೆ ಅಂತ ಬಾಯಿಬಿಟ್ಟು ಕೇಳಿ. ಮೊಬೈಲಿಗೆ ಅಂತ 35ಕ್ಕೆ ಕೊಟ್ಟಿದ್ದರೆ ಮೇಲಿನ ಲೆಕ್ಕ ಬದಲಾಗುತ್ತೆ.

ಭೂತಗನ್ನಡಿ ಬೇಡ. ಮಸೂರದ ಶಕ್ತಿ ಬರೋದು ಅದಕ್ಕೂ ಸುತ್ತಲಿನ ಮಾಧ್ಯಮಕ್ಕೂ ಇರೋ ವಕ್ರೀಭವನದ ವ್ಯತ್ಯಾಸದಿಂದ. ಗಾಜು 1.52, ಗಾಳಿ 1: ವ್ಯತ್ಯಾಸ ದೊಡ್ಡದು. ಗಾಜು 1.52, ನೀರು 1.33: ವ್ಯತ್ಯಾಸ ಚಿಕ್ಕದು. ನೀರೊಳಗೆ ಮುಳುಗಿಸಿದ ಮಸೂರದ ಪವರ್ ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, +8 ಇದ್ದದ್ದು ಸುಮಾರು +3 ಆಗುತ್ತೆ. ಮಾಸ್ಕಿನ ಹೊರಮೈಗೆ ಲೆನ್ಸ್ ಅಂಟಿಸಿದರೂ ಇದೇ ಗತಿ. ಲೆನ್ಸ್ ಇರಬೇಕಾದ್ದು ಒಳಗೆ, ಗಾಳಿ ಇರೋ ಕಡೆ.

ಅರಾಲ್ಡೈಟ್ ಅಂತೂ ಖಂಡಿತ ಬೇಡ. ಓದೋ ಕನ್ನಡಕದ ಲೆನ್ಸ್ ಎರಡೂ ಕಡೆ ಬಾಗಿರುತ್ತೆ. ಚಪ್ಪಟೆ ಗಾಜಿಗೆ ಅದನ್ನ ಅಂಚಲ್ಲಿ ಅಂಟಿಸಿದರೆ ನಡುವೆ ಒಂದು ಗಾಳಿಯ ಗುಳ್ಳೆ ಮುಚ್ಚಿಹೋಗುತ್ತೆ. ಮಾಸ್ಕ್ ಒಳಗಿನ ಗಾಳಿಯನ್ನ ನೀವು ಮೂಗಿನಿಂದ ಊದಿ ಹೊರಗಿನ ಒತ್ತಡಕ್ಕೆ ಸಮ ಮಾಡ್ತಾ ಇಳೀತೀರಿ. 18 ಮೀಟರಿನಲ್ಲಿ ಅದು 2.8 ಬಾರ್. ಆ ಗುಳ್ಳೆಯೊಳಗೆ ಮಾತ್ರ 1 ಬಾರ್. ಅಷ್ಟು ವ್ಯತ್ಯಾಸಕ್ಕೆ ಅಂಟು ಬಿರಿಯುತ್ತೆ, ಸೀಳಿನಿಂದ ತೇವ ಹೋಗಿ ಒಳಗೆ ಮಂಜು ಕಟ್ಟುತ್ತೆ, ಅದನ್ನ ಒರೆಸೋಕೂ ಆಗಲ್ಲ. ಡೈವಿಂಗ್ ಮಾಸ್ಕಿಗೆ ಲೆನ್ಸ್ ಬೆಸೆಯೋರು ಒಂದು ಮೈ ಚಪ್ಪಟೆ ಇರೋ ಲೆನ್ಸ್ ಮಾಡಿಸಿ, ಗಾಳಿ ಒಂದಿಷ್ಟೂ ಉಳಿಯದ ಹಾಗೆ ಪಾರದರ್ಶಕ ರೆಸಿನ್ ತುಂಬಿ ಕೂರಿಸ್ತಾರೆ. ಅದು ಬೇರೆಯೇ ಕಸುಬು.

ಐವತ್ತು ಬಾರ್, ಶ್ರೀರಂಗಪಟ್ಟಣ

ಲೆನ್ಸ್‌ಮೀಟರ್ ಸಾರ್ ಪವರ್ ಹೇಳಿದ್ರು, ನಾನು ಮಾಸ್ಕ್ ಕಡೆಯಿಂದ ಹೇಳ್ತೀನಿ.

ಅಣ್ಣಾ, ನಿಮ್ಮಂಗೆ ದೂರ ಚೆನ್ನಾಗಿ ಕಾಣೋರಿಗೆ ಎರಡೇ ದಾರಿ. ಒಂದು, ನೀರಲ್ಲಿ ಅಂಟೋ ಮೆದು ಪ್ಲಾಸ್ಟಿಕ್ ಲೆನ್ಸು, ಅರ್ಧಚಂದ್ರದ ಆಕಾರ. ಅಂಟು ಗಿಂಟು ಏನೂ ಇಲ್ಲ, ಗಾಜಿಗೆ ಅಪ್ಪಿಕೊಂಡು ಕೂರುತ್ತೆ, ಬೇಕಾದಾಗ ಕಿತ್ತು ಇನ್ನೊಂದು ಮಾಸ್ಕಿಗೆ ಹಾಕಬೋದು. ಹೈಡ್ರೋಟ್ಯಾಕ್ ಅನ್ನೋ ಹೆಸರಲ್ಲಿ ಬರೋದು ಇದೇ ಜಾತಿ. ಎರಡು, ಗಾಜು ಬದಲಾಯಿಸೋ ಮಾಸ್ಕು: ಎರಡು ಕಿಟಕಿ ಇರೋ ಮಾಸ್ಕಲ್ಲಿ ಮೂಲ ಗಾಜು ತೆಗೆದು ಕೆಳಗಡೆ ಮಾತ್ರ ಪ್ಲಸ್ ಇರೋ ಬೈಫೋಕಲ್ ಗಾಜು ಕೂರಿಸೋದು. ಒಂದೇ ಅಗಲ ಗಾಜಿನ ಮಾಸ್ಕಿಗೆ ಇದು ಆಗಲ್ಲ. ಆ ಮಾಸ್ಕಿನ ಕಂಪನಿಯವರೇ, ಅದೇ ಮಾಡೆಲ್ಲಿಗೆ ಅಂತ ಮಾಡಿರೋ ಗಾಜೇ ಬೇಕು. ಎಡ, ಬಲ ಬೇರೆ ಬೇರೆ ಇರುತ್ತೆ, ಆರ್ಡರ್ ಹಾಕೋವಾಗ ನೋಡ್ಕೊಳಿ.

ಇಲ್ಲಿ ಬಾಳ ಜನ ಎಡವೋದು ಒಂದು ಕಡೆ: ಬೈಫೋಕಲ್ ಬದಲು ಪೂರ್ತಿ +2 ಗಾಜು ತರಿಸಿಬಿಡ್ತಾರೆ. ಅದು ದೂರಕ್ಕೂ ಪ್ಲಸ್ ಬೇಕಿರೋರಿಗೆ. ನೀವು ಹಾಕಿದ್ರೆ 67 ಸೆಂ.ಮೀ. ಆಚೆ ಜೊತೆಗಾರನ ಮುಖವೂ ಮಬ್ಬು.

ಮೊದಲ ಸಲಕ್ಕೆ ಅಂಟೋ ಲೆನ್ಸೇ ಸರಿ ಅಂತ ನನ್ನ ಮಾತು. ಪವರ್ ಹೆಚ್ಚುಕಮ್ಮಿ ಆದ್ರೆ ಲೆನ್ಸು ಮಾತ್ರ ಬದಲಾಯಿಸಿದ್ರಾಯ್ತು. ಬೈಫೋಕಲ್ ಗಾಜಿನ ಗೆರೆ ಯಾವ ಎತ್ತರದಲ್ಲಿ ಬರುತ್ತೆ ಅನ್ನೋದು ಕಂಪನಿ ನಿರ್ಧಾರ, ನಿಮ್ಮ ಮೂಗು ಕಣ್ಣು ನೋಡಿ ಮಾಡಿರಲ್ಲ. ಅಂಟೋ ಲೆನ್ಸನ್ನ ನಿಮ್ಮ ನೋಟ ಬೀಳೋ ಜಾಗಕ್ಕೇ ಕೂರಿಸಬೋದು.

ಮಾಸ್ಕ್ ಮಾತ್ರ ಸ್ವಂತದ್ದು ತಗೊಳಿ. ಬಾಡಿಗೆ ಮಾಸ್ಕಿಗೆ ಬೆಳಿಗ್ಗೆ ಬೋಟಲ್ಲಿ ಕೂತು ಲೆನ್ಸ್ ಅಂಟಿಸೋಕಾಗಲ್ಲ, ಒಂದಿನ ಒಣಗಬೇಕು. ಕೊಳ್ಳೋವಾಗ ಪಟ್ಟಿ ಹಾಕ್ದೆ ಮುಖಕ್ಕಿಟ್ಟು ಮೂಗಲ್ಲಿ ಮೆಲ್ಲಗೆ ಉಸಿರೆಳೀರಿ, ಕೈ ಬಿಟ್ಟರೂ ಅಂಟ್ಕೊಂಡಿರಬೇಕು. ಗಾಜಿನ ಮೇಲೆ ಟೆಂಪರ್ಡ್ ಅಂತ ಬರೆದಿರಬೇಕು. ಮೂಗಿನ ಮಡಿಕೆಯ ಪಕ್ಕ ಗಾಜು ಕೆಳಕ್ಕೆ ಇಳಿದಷ್ಟೂ ನಿಮಗೆ ಒಳ್ಳೇದು, ಲೆನ್ಸ್ ಕೂರೋಕೆ ಜಾಗ ಬೇಕಲ್ಲ.

ಅಂಟಿಸೋ ಕ್ರಮ. ಹೊಸ ಮಾಸ್ಕ್ ಗಾಜಿನ ಒಳಗಡೆ ತಯಾರಿಕೆಯ ಎಣ್ಣೆಯಂಥ ಪದರ ಇರುತ್ತೆ. ಬಿಳಿ ಪೇಸ್ಟು (ಜೆಲ್ ಅಲ್ಲ) ಬೆರಳಲ್ಲಿ ತಗೊಂಡು ಎರಡು ಮೂರು ಸಲ ಉಜ್ಜಿ ತೊಳೀರಿ. ಒಳಗಡೆ ಮಂಜು ತಡೆಯೋ ಪದರ ಮೊದಲೇ ಹಾಕಿದ್ದಾರೆ ಅಂದ್ರೆ ಪೇಸ್ಟ್ ಮುಟ್ಟಿಸಬೇಡಿ, ಹಾಳಾಗುತ್ತೆ. ಪೇಸ್ಟ್ ಕೆಲಸ ಲೆನ್ಸ್ ಅಂಟಿಸೋಕೆ ಮೊದಲೇ ಮುಗೀಬೇಕು, ಮೆದು ಲೆನ್ಸಿಗೆ ಪೇಸ್ಟ್ ತಾಕಿದ್ರೆ ಗೀರೋ ಗೀರು. ಆಮೇಲೆ ಪಾತ್ರೆ ತೊಳೆಯೋ ದ್ರವ ಒಂದು ಹನಿ ಹಾಕಿ ಜಿಡ್ಡು ಹೋಗೋಂಗೆ ತೊಳ್ದು, ಬೇಸಿನ್ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಮಾಸ್ಕು, ಲೆನ್ಸು ಎರಡನ್ನೂ ಮುಳುಗಿಸಿ. ಲೆನ್ಸಿನ ಚಪ್ಪಟೆ ಮೈ ಗಾಜಿನ ಕಡೆ, ನೇರ ಅಂಚು ಮೇಲಕ್ಕೆ. ನೀರೊಳಗೇ ಜಾರಿಸಿ ಜಾಗಕ್ಕೆ ತನ್ನಿ, ಗಾಳಿ ಸಿಕ್ಕಿಹಾಕ್ಕೋಬಾರ್ದು ಅಂತ್ಲೇ ನೀರೊಳಗೆ ಮಾಡೋದು. ಹೊರಗೆ ತೆಗೆದು ನಡುವಿನಿಂದ ಅಂಚಿಗೆ ಹೆಬ್ಬೆರಳಲ್ಲಿ ಒತ್ತುತ್ತಾ ನೀರು ಹಿಂಡಿ. ಗಾಜು ಕೆಳಗೆ ಮಾಡಿ 24 ಗಂಟೆ ನೆರಳಲ್ಲಿ ಬಿಡಿ. ಅವಸರ ಮಾಡಿದ್ರೆ ಮಾಸ್ಕ್ ನೀರು ಖಾಲಿ ಮಾಡೋ ಮೊದಲ ಅಭ್ಯಾಸದಲ್ಲೇ ಎದ್ದು ಬರುತ್ತೆ.

ನಾಲೆ ದಂಡೆ, ಮಂಡ್ಯ

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಕಡೆ ಇನ್ನೂ ಗೊಂದಲ ಇದೆ. ಲೆನ್ಸ್ ಕೂರಿಸೋ ಜಾಗ ಅಂದ್ರೆ ಸರಿಯಾಗಿ ಎಲ್ಲಿ? ಎರಡೂ ಕಣ್ಣಿಗೆ ಬೇಕಾ, ಒಂದಕ್ಕೆ ಸಾಕಾ? ಮತ್ತೆ, ಕೆಳಗಿದ್ದಾಗ ಲೆನ್ಸ್ ಕಿತ್ತು ಬಂದ್ರೆ ಏನ್ ಮಾಡೋದು?

ಐವತ್ತು ಬಾರ್, ಶ್ರೀರಂಗಪಟ್ಟಣ

ಜಾಗದ ವಿಷಯ ಬಿಡಿಸಿ ಹೇಳ್ತೀನಿ, ಕೆಡೋದು ಇಲ್ಲೇ.

ಮೇಜಿನ ಮುಂದೆ ಕೂತು ಓದೋವಾಗ ಕಣ್ಣು ಕೆಳಕ್ಕೆ ನೋಡುತ್ತೆ. ಅದನ್ನೇ ನೆನಪಲ್ಲಿಟ್ಟುಕೊಂಡು ಲೆನ್ಸನ್ನ ಗಾಜಿನ ತಳಕ್ಕೆ ತಳ್ಳಿಬಿಡ್ತಾರೆ. ಡೈವ್ ಮಾಡೋವಾಗ ಮೈ ನೀರಲ್ಲಿ ಮಲಗಿರುತ್ತೆ, ಕತ್ತು ಹಿಂದಕ್ಕೆ ಬಾಗಿರುತ್ತೆ, ಗೇಜು ಮುಖದ ಮುಂದೆ ಬರುತ್ತೆ. ನೋಟ ಅಷ್ಟೊಂದು ಕೆಳಗೆ ಬೀಳಲ್ಲ. ಅದಕ್ಕೇ ದಿವಾನದ ಮೇಲೋ ಚಾಪೆ ಮೇಲೋ ಬೋರಲು ಮಲಗಿ, ಮಾಸ್ಕ್ ಹಾಕಿ, ಎಡಗೈಲಿ ಒಂದು ಕೈಗಡಿಯಾರ ಗೇಜಿನ ಥರ ಹಿಡೀರಿ. ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ತಿರುಗಿಸಿ ನೋಡಿ. ಇನ್ನೊಬ್ಬರಿಗೆ ಹೇಳಿ, ನಿಮ್ಮ ಪಾಪೆಗೂ ಗಡಿಯಾರಕ್ಕೂ ನೇರ ಗೆರೆ ಗಾಜಲ್ಲಿ ಎಲ್ಲಿ ಹಾಯುತ್ತೋ ಅಲ್ಲಿ ಹೊರಗಡೆ ಮಾರ್ಕರಿನಿಂದ ಚುಕ್ಕಿ ಇಡಿಸಿ. ಆ ಚುಕ್ಕಿ ಲೆನ್ಸಿನ ನಡುವೆ ಬರಬೇಕು. ಸಾಮಾನ್ಯವಾಗಿ ಅದು ತಳದಿಂದ ಸ್ವಲ್ಪ ಮೇಲೆ, ಮೂಗಿನ ಕಡೆಗೆ ವಾಲಿ ಬರುತ್ತೆ. ಹತ್ತಿರ ನೋಡೋವಾಗ ಎರಡೂ ಕಣ್ಣು ಒಳಕ್ಕೆ ತಿರುಗೋದ್ರಿಂದ ಹಂಗೆ. ಲೆನ್ಸ್ ದೊಡ್ಡದಾಯ್ತು ಅಂದ್ರೆ ಕತ್ತರೀಲಿ ಅಂಚು ಕತ್ತರಿಸಬೋದು.

ಎರಡೂ ಕಣ್ಣಿಗೆ ಹಾಕಿದ್ರೆ ಓದು ಸಲೀಸು, ಆದ್ರೆ ಕೆಳಗಡೆ ನೋಟ ಪೂರ್ತಿ ಪ್ಲಸ್ ಆಗುತ್ತೆ. ಬೆಲ್ಟಿನ ಬಕಲ್ಲು, ಫಿನ್ನು, ಬೋಟಿನ ಏಣಿಯ ಮೆಟ್ಟಿಲು ಎಲ್ಲ ಮಬ್ಬು. ಏಣಿ ಹತ್ತೋವಾಗ ಮಾಸ್ಕ್ ಹಾಕೇ ಇರಬೇಕು, ಅಲೆ ಬೇರೆ ಹೊಡೀತಿರುತ್ತೆ. ಒಂದು ಕಣ್ಣಿಗೆ ಹಾಕಿದ್ರೆ ಇನ್ನೊಂದು ಕಣ್ಣು ಅದನ್ನ ಸರಿದೂಗಿಸುತ್ತೆ. ಗೇಜಿನ ಹೋಸು ಎಡಗಡೆ ಬರೋದ್ರಿಂದ ಎಡಗಣ್ಣಿಗೆ ಹಾಕೋದು ವಾಡಿಕೆ. ಆದ್ರೆ ಎಡಗಣ್ಣೇ ಪ್ರಬಲ ಅಂತ ಪರೀಕ್ಷೆಯಲ್ಲಿ ಬಂದ್ರೆ ಬಲಕ್ಕೆ ಹಾಕಿ. ಮೊದಲು ಒಂದಕ್ಕೇ ಹಾಕಿ ನೋಡಿ, ಇನ್ನೊಂದು ಲೆನ್ಸ್ ಹೆಂಗೂ ಜೋಡಿಯಲ್ಲಿ ಬಂದಿರುತ್ತೆ, ಡಬ್ಬೀಲಿ ಇಟ್ಕೊಳಿ.

ಕಿತ್ತು ಬಂದ್ರೆ: ಅದು ಮಾಸ್ಕಿನ ಒಳಗೇ ಮೂಗಿನ ಹತ್ರ ಬೀಳುತ್ತೆ, ಕಣ್ಣಿಗೇನೂ ಅಪಾಯ ಇಲ್ಲ. ಹುಡುಕೋಕೆ ಮಾಸ್ಕ್ ಬಿಚ್ಚಬೇಡಿ. ಜೊತೆಗಾರನಿಗೆ ಕಣ್ಣು ತೋರಿಸಿ, ತೊಂದರೆ ಸನ್ನೆ ಮಾಡಿ, ಗೇಜನ್ನ ಅವರ ಕಡೆ ತಿರುಗಿಸಿ. ಅವರು ಬೆರಳಲ್ಲಿ ಅಂಕಿ ಹೇಳ್ತಾರೆ. ನಿಮ್ಮ ಗೇಜು ನೀವೇ ಓದೋಕಾಗಲ್ಲ ಅಂದ ಮೇಲೆ ಡೈವ್ ಮುಂದುವರಿಸೋದು ಬೇಡ, ಇಬ್ಬರೂ ಸೇರಿ ಮೇಲಕ್ಕೆ, 5 ಮೀಟರಲ್ಲಿ 3 ನಿಮಿಷ ನಿಂತು ಹೊರಗೆ. ಇದನ್ನ ನೀರಿಗಿಳಿಯೋ ಮೊದಲೇ ಜೊತೆಗಾರನ ಹತ್ರ ಮಾತಾಡಿಕೊಂಡಿರಿ.

ಏಳೋಕೆ ಕಾರಣ ಮೂರೇ: ಜಿಡ್ಡು ಪೂರ್ತಿ ಹೋಗಿರಲ್ಲ, ಒಣಗೋಕೆ ಬಿಟ್ಟಿರಲ್ಲ, ಇಲ್ಲಾ ಸನ್‌ಸ್ಕ್ರೀನ್ ಹಚ್ಚಿದ ಬೆರಳಲ್ಲೇ ಒಳಗೆ ಒರೆಸಿರ್ತಾರೆ. ಮಂಜು ಕಟ್ಟದಿರೋಕೆ ಬೇಬಿ ಶಾಂಪೂ ನೀರಲ್ಲಿ ತೆಳು ಮಾಡಿ ಒಂದೆರಡು ಹನಿ ಸವರಿ ಮೆಲ್ಲಗೆ ತೊಳೀರಿ, ಲೆನ್ಸಿನ ಅಂಚನ್ನ ಕೆರೆಯಬೇಡಿ.

ಮೈನಸ್ ಮೂರು, ಕುವೆಂಪುನಗರ, ಮೈಸೂರು

ಇದೇ ಎಳೆಯಲ್ಲಿ ಕೇಳ್ತಾ ಇದ್ದೀನಿ, ಕ್ಷಮಿಸಿ. ನನಗೆ 52. ಬಲಗಣ್ಣು −3.00, ಸಿಲಿಂಡರ್ −1.00. ಎಡಗಣ್ಣು −2.50, ಸಿಲಿಂಡರ್ ಇಲ್ಲ. ಆಡ್ +2.25. ಪ್ರೊಗ್ರೆಸಿವ್ ಕನ್ನಡಕ ಹಾಕ್ತೀನಿ, ಬಲಗಣ್ಣು ಪ್ರಬಲ. ಬರೀ ಪ್ಲಸ್ ಅಂಟಿಸಿದ್ರೆ ದೂರ ಕಾಣಲ್ಲ, ಬರೀ ಮೈನಸ್ ಗಾಜು ಹಾಕಿದ್ರೆ ಗೇಜು ಕಾಣಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಇಳೀಬಹುದಾ?

ಲೆನ್ಸ್‌ಮೀಟರ್, ಮೈಸೂರು

ಮೇಡಂ, ಮೈನಸ್ ಇರೋರಿಗೆ ಚಾಳೀಸು ಅಷ್ಟು ಕಾಟ ಕೊಡಲ್ಲ. ಮೈನಸ್ಸನ್ನ ಸ್ವಲ್ಪ ಕಡಿಮೆ ಹಾಕೋದೇ ನಿಮಗೆ ಪ್ಲಸ್ ಹಾಕಿದ ಹಾಗೆ.

ಮೊದಲು ಸಿಲಿಂಡರ್ ತೀರಿಸೋಣ. ಕೂರಿಸೋ ಗಾಜುಗಳು ಸಿದ್ಧವಾಗಿ ಸಿಗೋದು ಗೋಳ ಪವರಿನಲ್ಲಿ (ಸಿಲಿಂಡರ್ ಇಲ್ಲದ ಸಾದಾ ಪವರ್), ಅರ್ಧರ್ಧ ಡಯಾಪ್ಟರ್ ಮೆಟ್ಟಿಲಲ್ಲಿ. ಸಿಲಿಂಡರಿನ ಅರ್ಧವನ್ನ ಗೋಳಕ್ಕೆ ಸೇರಿಸಿಬಿಡಿ: ನಿಮ್ಮ ಬಲಗಣ್ಣಿಗೆ −3.00ಕ್ಕೆ −0.50 ಸೇರಿ −3.50. ಸಿಲಿಂಡರ್ 1ರ ತನಕ ಈ ಲೆಕ್ಕ ಚೆನ್ನಾಗೇ ನಡೆಯುತ್ತೆ. 2ರ ಹತ್ತಿರ ಹೋದರೆ ಅಂಕಿಗಳಿಗೆ ನೆರಳು ಬೀಳುತ್ತೆ, ಆಗ ಚೀಟಿಯ ಪ್ರಕಾರ ಲೆನ್ಸ್ ಮಾಡಿಸಿ ಬೆಸೆಸೋದೇ ಸರಿ.

ಇನ್ನು ಕಣ್ಣುಗಳಿಗೆ ಕೆಲಸ ಹಂಚಿ. ಬಲಗಣ್ಣಿಗೆ ಪೂರ್ತಿ −3.50, ಅದು ದೂರಕ್ಕೆ. ಎಡಗಣ್ಣಿಗೆ −2.50 ಬದಲು −1.00, ಅಂದ್ರೆ ಅದಕ್ಕೆ +1.50 ಕೊಟ್ಟ ಹಾಗಾಯ್ತು. ನೀರಿನಲ್ಲಿ ಅದರ ಸ್ಪಷ್ಟ ನೋಟದ ಹೊರ ಅಂಚು ಗಾಜಿನಿಂದ 89 ಸೆಂ.ಮೀ. ಗೇಜನ್ನ ತೋಳಳತೆಯಲ್ಲಿ ಹಿಡಿದರೆ ಓದೋಕೆ ಸಾಕು. ಮೊಣಕೈ ಮಡಚಿ 40ಕ್ಕೆ ತಂದರೆ ಸಾಲದು. ಎರಡು ಕಣ್ಣಿನ ನಡುವೆ ಒಂದೂವರೆ ಡಯಾಪ್ಟರ್ ವ್ಯತ್ಯಾಸವನ್ನ ಬಹಳ ಜನ ತಡ್ಕೋತಾರೆ. ಅದಕ್ಕಿಂತ ಮೇಲೆ ಹೋದರೆ ದೂರದ ಅಂದಾಜು ತಪ್ಪುತ್ತೆ, ತಲೆ ಭಾರ ಆಗುತ್ತೆ. ಅಂಗಡಿಯಲ್ಲಿ ಟ್ರಯಲ್ ಫ್ರೇಮಿಗೆ ಇದೇ ಎರಡು ಲೆನ್ಸ್ ಹಾಕಿಸಿಕೊಂಡು ಹತ್ತು ನಿಮಿಷ ಅಲ್ಲೇ ಓಡಾಡಿ ನೋಡಿ. ಒಗ್ಗಲಿಲ್ಲ ಅಂದ್ರೆ ಎರಡೂ ಕಣ್ಣಿಗೆ ಪೂರ್ತಿ ಮೈನಸ್ ಗಾಜು ಹಾಕಿಸಿ, ಅದರ ಕೆಳಭಾಗಕ್ಕೆ +2 ಅಥವಾ +2.5 ಅಂಟೋ ಲೆನ್ಸ್. ಮೈನಸ್ ಗಾಜಿನ ಒಳಮೈ ಬಾಗಿರೋದರಿಂದ ಅಂಚು ಸರಿಯಾಗಿ ಕೂತಿದೆಯಾ ಅಂತ ಪ್ರತಿ ಡೈವಿಗೂ ಮುನ್ನ ಬೆರಳಾಡಿಸಿ ನೋಡಬೇಕು.

ಕಾಂಟ್ಯಾಕ್ಟ್ ಲೆನ್ಸ್: ಮೆದು ಲೆನ್ಸ್ ಆದರೆ ಹಾಕಬಹುದು, ಮಲ್ಟಿಫೋಕಲ್ ಅಥವಾ ಮೇಲೆ ಹೇಳಿದ ಹಾಗೆ ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ. ಗಟ್ಟಿ ಲೆನ್ಸ್ ಬೇಡ. ಮೇಲೆ ಬರುವಾಗ ನೈಟ್ರೋಜನ್ ಗುಳ್ಳೆಗಳು ಲೆನ್ಸಿಗೂ ಕಾರ್ನಿಯಾಕ್ಕೂ ನಡುವೆ ಸಿಕ್ಕಿ ಕಣ್ಣು ಮಂಜಾಗುತ್ತೆ, ಉರಿಯುತ್ತೆ. ಮೆದು ಲೆನ್ಸಿನಲ್ಲೂ ದಿನಕ್ಕೊಂದು ಹಾಕಿ ಎಸೆಯೋ ಜಾತಿಯನ್ನೇ ಆರಿಸಿ, ಡೈವ್ ಮುಗಿದ ಕೂಡಲೇ ಎಸೆಯಿರಿ. ಸಮುದ್ರವಾಗಲಿ, ಈಜುಕೊಳವಾಗಲಿ, ನೀರಲ್ಲಿ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಲೆನ್ಸ್ ಅಡಿ ಸೇರಿದರೆ ಕಾರ್ನಿಯಾ ಹುಣ್ಣಾಗುತ್ತೆ, ವಾಸಿಯಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ದೃಷ್ಟಿಯೇ ಹೋಗಬಹುದು. ಮಾಸ್ಕಿಗೆ ನೀರು ತುಂಬಿ ಖಾಲಿ ಮಾಡೋ ಅಭ್ಯಾಸದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರಬೇಕು, ಇಲ್ಲದಿದ್ದರೆ ಲೆನ್ಸ್ ಕೊಚ್ಚಿ ಹೋಗುತ್ತೆ. ಶಿಕ್ಷಕರಿಗೆ ಮೊದಲೇ ಹೇಳಿಡಿ. ಕೋರ್ಸಿನ ದಿನಗಳಲ್ಲಿ ಈ ಅಭ್ಯಾಸ ಪದೇ ಪದೇ ಇರೋದರಿಂದ ನಾನು ಮಾಸ್ಕಿನ ಗಾಜನ್ನೇ ಮೇಲು ಅಂತೀನಿ.

ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಮುಚ್ಚಿಡಬೇಡಿ. ಕೋರ್ಸಿಗೆ ಮುನ್ನ ತುಂಬೋ ವೈದ್ಯಕೀಯ ಪ್ರಶ್ನಾವಳಿಯಲ್ಲಿ ಕಳೆದ 3 ತಿಂಗಳಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆಯಾ ಅಂತ ಕೇಳ್ತಾರೆ. ಪೊರೆ ತೆಗೆಸಿದವರೂ, ಲೇಸಿಕ್ ಮಾಡಿಸಿದವರೂ ತಮ್ಮ ಕಣ್ಣಿನ ವೈದ್ಯರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಲಿ. ರೆಟಿನಾ ಚಿಕಿತ್ಸೆಗೆ ಕಣ್ಣೊಳಗೆ ಅನಿಲ ತುಂಬಿದ್ದರೆ ಅದು ಪೂರ್ತಿ ಕರಗೋ ತನಕ ಡೈವಿಂಗೂ ಇಲ್ಲ, ವಿಮಾನವೂ ಇಲ್ಲ. ಗ್ಲಾಕೋಮಾಗೆ ಶಸ್ತ್ರಚಿಕಿತ್ಸೆ ಆದವರೂ ವೈದ್ಯರನ್ನ ಕೇಳದೆ ಇಳಿಯಬಾರದು. 45 ದಾಟಿದವರಿಗೆ ಅದೇ ಪ್ರಶ್ನಾವಳಿಯಲ್ಲಿ ಬಿ.ಪಿ., ಕೊಲೆಸ್ಟರಾಲ್, ಧೂಮಪಾನ, ಮನೆತನದಲ್ಲಿ ಹೃದ್ರೋಗ ಇದೆಯಾ ಅಂತಲೂ ಕೇಳ್ತಾರೆ. ಯಾವುದಕ್ಕಾದರೂ ಹೌದು ಅಂದ್ರೆ ವೈದ್ಯರ ಸಹಿ ಬೇಕು. ಮೈಸೂರಲ್ಲೇ ಮುಗಿಸಿಕೊಂಡು ಹೊರಡಿ, ಮುರುಡೇಶ್ವರದ ದಡದಲ್ಲಿ ನಿಂತು ವೈದ್ಯರನ್ನ ಹುಡುಕೋ ಹಾಗಾಗಬಾರದು.

ರಂಗನತಿಟ್ಟು

ಎಲ್ಲರೂ ಕಣ್ಣಿನ ಕಡೆಯಿಂದಲೇ ನೋಡ್ತಿದ್ದೀರಿ. ಓದೋ ವಸ್ತುವನ್ನೂ ಬದಲಾಯಿಸಬಹುದು.

ಮುಳ್ಳಿನ ಗೇಜು ಮಬ್ಬಾದರೂ ಓದಬಹುದು, ಏಳು ಗೆರೆಯ ಅಂಕಿ ಮಬ್ಬಾದರೆ 6, 8, 0 ಮೂರೂ ಒಂದೇ. ಗಾಳಿಗೆ ಮುಳ್ಳಿನ ಗೇಜು, ಆಳಕ್ಕೂ ಉಳಿದ ಸಮಯಕ್ಕೂ ದೊಡ್ಡ ಅಂಕಿಯ ಕಂಪ್ಯೂಟರ್ ಇರಲಿ. ಗಾಳಿಯ ಸಿಲಿಂಡರ್ ತುಂಬಿದಾಗ 200 ಬಾರ್. ನೀರಿಗಿಳಿಯೋ ಮೊದಲು 200, 100, 50 ಮೂರರಲ್ಲೂ ಮುಳ್ಳು ಯಾವ ಕಡೆ ವಾಲುತ್ತೆ ಅಂತ ಗಡಿಯಾರದ ಮುಳ್ಳಿನ ಹಾಗೆ ಮನಸ್ಸಿಗೆ ಹಿಡಿಸಿಕೊಳ್ಳಿ. 50ರ ಕೆಳಗಿನ ಕೆಂಪು ಪಟ್ಟಿಯನ್ನ ನಂಬಬೇಡಿ. ನೀರು ಮೊದಲು ನುಂಗೋದು ಕೆಂಪನ್ನೇ, ಹತ್ತು ಮೀಟರ್ ಕೆಳಗೆ ಅದು ಕಪ್ಪುಬೂದು. ಟಾರ್ಚ್ ಬಿಟ್ಟರೆ ಮಾತ್ರ ಕೆಂಪು.

ಟಾರ್ಚು ಚಾಳೀಸಿಗೂ ಮದ್ದು. ಮಂದ ಬೆಳಕಲ್ಲಿ ಪಾಪೆ ಅಗಲವಾಗುತ್ತೆ, ಪಾಪೆ ಅಗಲವಾದಷ್ಟೂ ಫೋಕಸ್ಸಿನ ಪಟ್ಟಿ ಕಿರಿದಾಗುತ್ತೆ. ಬೆಳಿಗ್ಗೆ ಹತ್ತು ಗಂಟೆ ಬಿಸಿಲಲ್ಲಿ ಕನ್ನಡಕ ಇಲ್ಲದೆ ಓದಿದ ಗೇಜನ್ನ 15 ಮೀಟರಿನ ಮಬ್ಬು ನೀರಲ್ಲಿ ಓದೋಕಾಗದಿರೋದು ಇದಕ್ಕೇ. ಒಂದು ಸಣ್ಣ ಟಾರ್ಚನ್ನ ಬಿಸಿಡಿಯ (ಗಾಳಿ ತುಂಬೋ ಡೈವಿಂಗ್ ಜಾಕೆಟ್) ಡಿ-ರಿಂಗಿಗೆ ಸಿಕ್ಕಿಸಿ, ಗೇಜಿಗೆ ಓರೆಯಾಗಿ ಬಿಡಿ, ನೇರ ಬಿಟ್ಟರೆ ಗಾಜು ಮಿಂಚುತ್ತೆ. ಹೊಳೆಯೋ ಮುಖದ ಗೇಜಾದರೆ ಹತ್ತು ಸೆಕೆಂಡ್ ಟಾರ್ಚ್ ಬಿಟ್ಟರೆ ಆಮೇಲೆ ಅದೇ ಬೆಳಗುತ್ತೆ. ಕಂಪ್ಯೂಟರ್ ಕೊಳ್ಳೋವಾಗ ಬೂದು ಪರದೆಯದ್ದಕ್ಕಿಂತ ತಾನೇ ಬೆಳಗೋ ಬಣ್ಣದ ಪರದೆಯದ್ದು ನೋಡಿ, ಶಿಯರ್‌ವಾಟರ್ ಪರ್ಡಿಕ್ಸ್ ಥರದ್ದು. ಅಂಗಡಿಯ ಟ್ಯೂಬ್‌ಲೈಟ್ ಅಡಿ ನೋಡಿ ತೀರ್ಮಾನ ಮಾಡಬೇಡಿ. ಬಾಗಿಲು ಮುಚ್ಚಿಸಿ, ಕನ್ನಡಕ ತೆಗೆದು ನೋಡಿ.

ಇನ್ನೊಂದು, ಕಂಪ್ಯೂಟರಿನ ಮೆನು ಅಕ್ಷರ ಡೈವ್ ಪರದೆಗಿಂತ ತುಂಬಾ ಸಣ್ಣದು. ಆಮ್ಲಜನಕದ ಶೇಕಡಾವಾರು, ಎಚ್ಚರಿಕೆಗಳು ಎಲ್ಲವನ್ನೂ ದಡದಲ್ಲೇ ಕನ್ನಡಕ ಹಾಕಿ ಹೊಂದಿಸಿ. ಬೋಟಿನ ಒಣ ಚೀಲದಲ್ಲಿ ದಾರ ಕಟ್ಟಿದ ಒಂದು ಓದೋ ಕನ್ನಡಕ ಇರಲಿ, ಲಾಗ್ ಪುಸ್ತಕಕ್ಕೂ ಬೇಕಾಗುತ್ತೆ. ಅಂದಹಾಗೆ, ಕೋರ್ಸ್ ಅಲ್ಲದೆ ಒಂದು ಸಲ ನೋಡೋಣ ಅಂತ ಶಿಕ್ಷಕರ ಕೈ ಹಿಡಿದು ಇಳಿಯೋರಿಗೆ ಇದ್ಯಾವುದೂ ಬೇಡ. ಗೇಜು ನೋಡೋದು ಶಿಕ್ಷಕರ ಕೆಲಸ, ಮೀನುಗಳು ದೂರದಲ್ಲೇ ಇರುತ್ತವೆ, ಸಾದಾ ಮಾಸ್ಕ್ ಸಾಕು.

ನಾಲೆ ದಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ, ಇಷ್ಟು ಬಿಡಿಸಿ ಹೇಳಿದ್ದಕ್ಕೆ. +2 ಜೋಡಿ, ಎರಡು ಕಿಟಕಿಯ ಮಾಸ್ಕ್ ತರಿಸ್ತೀನಿ. ಸಮುದ್ರಕ್ಕೆ ಹೋಗೋ ಮೊದಲು ಮನೆಯಲ್ಲೇ ಪರೀಕ್ಷೆ ಮಾಡೋ ದಾರಿ ಇದೆಯಾ? ನಾಲೆಯಲ್ಲೋ ಕೆ.ಆರ್.ಎಸ್. ಹಿನ್ನೀರಲ್ಲೋ ಮಾಸ್ಕ್ ಹಾಕಿ ನೋಡಬಹುದಾ?

ಲೆನ್ಸ್‌ಮೀಟರ್, ಮೈಸೂರು

ನಾಲೆಯೂ ಬೇಡ, ಹಿನ್ನೀರೂ ಬೇಡ. ನಾಲೆಯ ಸೆಳೆತ ಮೇಲೆ ಕಾಣಲ್ಲ, ಸಿಮೆಂಟ್ ಇಳಿಜಾರಿನಲ್ಲಿ ಹಿಡಿಯೋಕೆ ಏನೂ ಸಿಗಲ್ಲ. ಸಾಲದ್ದಕ್ಕೆ ಕೆಂಪು ನೀರಲ್ಲಿ ಅಂಕಿ ಕಾಣದಿದ್ದರೆ ಅದು ಲೆನ್ಸಿನ ತಪ್ಪೋ ನೀರಿನ ತಪ್ಪೋ ಗೊತ್ತಾಗಲ್ಲ.

ಮನೆಯ ನೀಲಿ ಡ್ರಮ್ ಸಾಕು. ತಳದಲ್ಲಿ ನೀರು ಹೋಗದ ಡಿಜಿಟಲ್ ಗಡಿಯಾರ ಇಟ್ಟು 50 ಸೆಂ.ಮೀ. ನೀರು ತುಂಬಿ. ಡ್ರಮ್ ಎತ್ತರ ಜಾಸ್ತಿ ಇದ್ದು ಮುಖ ನೀರಿಗೆ ಎಟುಕದಿದ್ದರೆ ಬಾಯಿ ತನಕ ತುಂಬಿ, ಗಡಿಯಾರವನ್ನ ದಾರದಲ್ಲಿ 50 ಸೆಂ.ಮೀ. ಕೆಳಗೆ ಇಳಿಬಿಡಿ. ಮಾಸ್ಕಿನ ಗಾಜು ಮಾತ್ರ ನೀರಿಗೆ ತಾಕಲಿ, ಬಾಯಿ ಹೊರಗೇ ಇರಲಿ. ಸಮುದ್ರದಲ್ಲಿ ಕಾಣೋ ಹಾಗೇ ಇಲ್ಲೂ ಕಾಣುತ್ತೆ, ನಿಮ್ಮ ತಲೆಯ ನೆರಳಿಗೆ ಬೆಳಕೂ ಅಷ್ಟೇ ಮಂದವಾಗುತ್ತೆ. 60ಕ್ಕೆ, 40ಕ್ಕೆ ದಾರ ಸರಿಸಿ ಮತ್ತೆ ನೋಡಿ. 40ರಲ್ಲಿ ತಿಣುಕಾಡಿದರೂ ಪರವಾಗಿಲ್ಲ, 50ರಲ್ಲಿ ತಿಣುಕಾಡಬಾರದು. 50ರಲ್ಲೇ ಮಬ್ಬು ಬಂದು 60ರಲ್ಲಿ ಸರಿಹೋದರೆ ಪವರ್ ಸಾಲದು. 40ರಲ್ಲಿ ಸ್ಪಷ್ಟವಿದ್ದು 60ರಲ್ಲಿ ಮಬ್ಬಾದರೆ ಪವರ್ ಜಾಸ್ತಿ.

ಐವತ್ತು ಬಾರ್, ಶ್ರೀರಂಗಪಟ್ಟಣ

ಡ್ರಮ್ಮಲ್ಲಿ ನೋಡೋವಾಗ ಪಕ್ಕದಲ್ಲಿ ಒಬ್ಬರಿರಲಿ ಅಣ್ಣಾ. ಪವರ್ ಸರಿ ಬಂದ ಮೇಲೆ ನೀರು ಸೋರುತ್ತಾ ಅನ್ನೋದನ್ನ ಸರಸ್ವತಿಪುರಂನಲ್ಲಿರೋ ವಿಶ್ವವಿದ್ಯಾನಿಲಯದ ಈಜುಕೊಳದಂಥ ಕಡೆ, ಅಲ್ಲಿನ ಸಿಬ್ಬಂದಿಯನ್ನ ಕೇಳಿಕೊಂಡು ನೋಡಿ: ಮಾಸ್ಕಿಗೆ ಅರ್ಧ ನೀರು ಬಿಟ್ಟು, ಮೇಲಂಚು ಒತ್ತಿ ಹಿಡಿದು ಮೂಗಿಂದ ಊದಿ ಖಾಲಿ ಮಾಡೋದನ್ನ ಹತ್ತು ಸಲ. ಹತ್ತು ಸಲ ಆದ್ಮೇಲೂ ಲೆನ್ಸಿನ ಅಂಚು ಎದ್ದಿಲ್ಲ ಅಂದ್ರೆ ಸಮುದ್ರದಲ್ಲೂ ಏಳಲ್ಲ. ಮನೆಗೆ ಬಂದು ಸಿಹಿನೀರಲ್ಲಿ ತೊಳ್ದು, ನೆರಳಲ್ಲಿ ಆರಿಸಿ, ಗಟ್ಟಿ ಡಬ್ಬೀಲೇ ಇಡಿ. ಮುರುಡೇಶ್ವರದ ದಾರೀಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಊಟಕ್ಕೆ ಇಳೀಬೇಡಿ, ಆ ಬಿಸಿಗೆ ಮೆದು ಲೆನ್ಸ್ ಸೊಟ್ಟಗಾಗುತ್ತೆ.